ಎದೆ ಹಿಡಿದುಕೊಂಡ ವರ್ಷಗಳು

ಅಪ್ಪ ಸತ್ತಿದ್ದು ಸಿಂಧನೂರಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಮಟಮಟ ಮಧ್ಯಾಹ್ನ, ಅಷ್ಟೊಂದು ಜನ ಓಡಾಡುತ್ತಿದ್ದಾಗ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಹತ್ತನೇ ತರಗತಿ. ನನ್ನ ಶಾಲೆಯ ಬಟ್ಟೆ ತರಲೆಂದು ಅಪ್ಪ, ನಾನು ಮಸ್ಕಿಯಿಂದ ಹೋಗಿದ್ದೆವು. ವಾಪಸು ಬಸ್ಸಿಗೆ ಕಾಯುವಾಗ ಅಪ್ಪ, "ಎದಿ ಯಾರೋ ಹಿಂಡಿದಂಗ ಆಗಾಕತ್ತೈತಿ, ಒಂದೀಟು ನೀರು ತಗೊಂಡು ಬಾ" ಅಂದ. ಹೋಟೆಲಿನಿಂದ ಗ್ಲಾಸಿನಲ್ಲಿ ನೀರು ತರುವಷ್ಟರಲ್ಲಿ ಒಂದು ಕಡೆ ವಾಲಿದ್ದ. ಬಾಯಿ ಅರ್ಧ ತೆರೆದಿತ್ತು.

ಎದುರಿಗೆ ನಿಂತವನೊಬ್ಬ, "ಹಗಲಾಗೇ ಏರಿಸ್ಯಾನ ನೋಡ್ಲೇ" ಅಂದು ನಕ್ಕ. ಅವನ ಜೊತೆಯವರೂ ನಕ್ಕರು. ಅಪ್ಪ ಕುಡಿದವನೇ ಅಲ್ಲ. ಅಷ್ಟನ್ನು ಹೇಳಲಿಕ್ಕೂ ನನ್ನ ಬಾಯಿಂದ ದನಿ ಹೊರಡಲಿಲ್ಲ. ಗ್ಲಾಸು ಹಿಡಿದು ನಿಂತೇ ಇದ್ದೆ. ಮಸ್ಕಿ ಬಸ್ಸು ಬಂತು, ಜನ ಹತ್ತಿದರು, ಬಸ್ಸು ಹೋಯಿತು. ಕಡೆಗೆ ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಬಂದು ಅಪ್ಪನ ಮೂಗಿನ ಹತ್ತಿರ ಬೆರಳು ಹಿಡಿದು, "ಅಯ್ಯ ನನ್ನ ಮಗಳ, ನಿಮ್ಮಪ್ಪ ಹೋಗ್ಯಾನ" ಅಂದಳು.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ ಅಣ್ಣ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ.

"ನೀ ಯಾಕ ಒದರಲಿಲ್ಲ?"

ಅಣ್ಣ ನನ್ನ ರಟ್ಟೆ ಹಿಡಿದು ಅಲುಗಿಸಿದ.

"ಒದರಿದ್ರ ಯಾರರ ದವಾಖಾನಿಗೆ ಒಯ್ತಿದ್ರು. ಅಪ್ಪ ಉಳೀತಿದ್ದ. ಗೊಂಬಿ ನಿಂತಂಗ ನಿಂತಿದ್ದೆಲ್ಲ!"

ಅಣ್ಣ ನನಗಿಂತ ಬಹಳ ದೊಡ್ಡವನು. ಹೊಲ, ಮನೆ ಎರಡೂ ಅವನ ಕೈಗೆ ಬಂದವು. ಆ ಮಾತೂ ಅವನ ಕೈಯಲ್ಲೇ ಉಳಿಯಿತು, ಬೇಕೆಂದಾಗ ಎತ್ತಿ ಹೊಡೆಯಲಿಕ್ಕೆ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅದೇ, ನಾನು ಓದುತ್ತ ಕೂತರೆ ಅದೇ. ಬೀಗರು ಬಂದಾಗಂತೂ ನನ್ನ ಮುಂದೆಯೇ, "ಅಪ್ಪನ್ನ ಕಣ್ಣೆದುರಿಗೆ ಸಾಯಗೊಟ್ಟಾಕಿ ಈಕಿನ ನೋಡ್ರಿ" ಅನ್ನುತ್ತಿದ್ದ, ಪರಿಚಯ ಮಾಡಿಕೊಟ್ಟ ಹಾಗೆ. ಅವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನಕ್ಕೂ "ಸಾಕು ಬಿಡಪ್ಪಾ" ಅನ್ನಲಿಲ್ಲ.

ನಾನು ಟೀಚರ್ ಟ್ರೇನಿಂಗ್ ಮುಗಿಸಿ ಮನೆಯಲ್ಲಿದ್ದಾಗ ಲಿಂಗಸುಗೂರಿನ ಕಡೆಯವರು ಕನ್ಯೆ ನೋಡಲು ಬಂದರು. ಚಾದ ಕಪ್ಪುಗಳ ತಾಟು ಹಿಡಿದು ಪಡಸಾಲೆಗೆ ಬಂದೆ. ಗಂಡಿನ ತಂದೆ ಮೆಲ್ಲಗೆ, "ನಿಮ್ಮಪ್ಪಗ ಏನಾಗಿತ್ತವ್ವಾ?" ಅಂತ ಕೇಳಿದರು. ಪಾಪ, ಕನಿಕರದಿಂದಲೇ ಕೇಳಿದ್ದು. ನನ್ನ ಎದೆಯ ನಟ್ಟನಡುವೆ ಏನೋ ಚುಚ್ಚಿತು. ಉಸಿರು ಗಂಟಲಲ್ಲೇ ನಿಂತಿತು. ಬೆರಳು ಜುಮ್ಮೆಂದವು, ತುಟಿ ಮರಗಟ್ಟಿತು. ಅಪ್ಪನಿಗೆ ಬಂದದ್ದೇ ನನಗೂ ಬಂತು, ಈಗ ಸಾಯುತ್ತೇನೆ ಅನ್ನಿಸಿತು. ತಾಟು ಕೈಯಿಂದ ಜಾರಿ, ಬಿಸಿ ಚಾ ಗಂಡಿನ ತಾಯಿಯ ಕಾಲ ಮೇಲೆ ಚೆಲ್ಲಿತು.

"ಹುಡುಗಿಗೆ ಮೂರ್ಛಿರೋಗ ಐತೇನ್ರಿ? ಮೊದ್ಲ ಹೇಳಬಾರದೇನು?" ಅಂತ ಆಕೆ ಎದ್ದರು. ನಾಲ್ಕು ದಿನದಲ್ಲಿ ಆ ಮಾತು ಮಸ್ಕಿಯ ಸಂತೆಗೂ ಹೋಗಿ ಬಂತು.

ಮುದಗಲ್ ಕಡೆಯ ಒಂದು ಹಳ್ಳಿಯಲ್ಲಿ ಎದೆನೋವಿಗೆ ಬರೆ ಹಾಕುವ ಮುದುಕನಿದ್ದಾನೆಂದು ಯಾರೋ ಅಣ್ಣನಿಗೆ ಹೇಳಿದರು. "ನನಗ ದವಾಖಾನಿ ತೋರಸ್ರಿ" ಅಂದೆ. "ದವಾಖಾನಿಗೆ ಹೋದ್ರ ರೋಗ ಐತಿ ಅಂತ ಊರಿಗೆಲ್ಲ ಡಂಗುರ ಸಾರಿದಂಗ" ಅಂದ ಅಣ್ಣ, ಅವ್ವನನ್ನೂ ಕೂಡಿಸಿಕೊಂಡು ಆ ಮುದುಕನ ಹತ್ತಿರವೇ ಕರೆದೊಯ್ದ. ಮುದುಕ ಸಗಣಿ ಕುಳ್ಳಿನ ಕೆಂಡದಲ್ಲಿ ಸಣ್ಣ ಕಬ್ಬಿಣದ ಸಲಾಕಿ ಕಾಯಿಸುತ್ತ, ಮಳೆಯ ಬಗ್ಗೆ, ಸಜ್ಜೆಯ ಬಗ್ಗೆ ಅಣ್ಣನ ಕೂಡ ಮಾತಾಡಿದ. ಅಣ್ಣ ಅಂಗಳದ ಕಡೆ ಮುಖ ತಿರುಗಿಸಿ ಕೂತ. ನನ್ನ ಕೈಗಳನ್ನು ಹಿಂದಕ್ಕೆ ಹಿಡಿದವಳು ಅವ್ವ. ಎದೆಯ ಎಲುಬಿನ ಮೇಲೆ ಎರಡು ಬರೆ. ಸುಟ್ಟ ಚರ್ಮದ ವಾಸನೆ ಬಂದಾಗ ನಾನು ಒದರಿದೆ.

ಅಣ್ಣ ತಿರುಗಿ ನೋಡಿದ. "ಈಗ ದನಿ ಬಂತಲ್ಲ" ಅಂದ.

ಗಾಯ ಕೀವಾಗಿ ಮಾಯಲು ಬಹಳ ದಿನ ಹಿಡಿಯಿತು. ನೋವು ಮಾತ್ರ ಬರುವಾಗ ಬಂದೇ ಬರುತ್ತಿತ್ತು. ಆದರೆ ಇನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಸಂಕಟ ಶುರುವಾದರೆ ಬಚ್ಚಲಿಗೆ ಹೋಗಿ ಸೀರೆಯ ಸೆರಗು ಬಾಯಲ್ಲಿ ಕಚ್ಚಿ ಕೂಡುತ್ತಿದ್ದೆ. ಈಗಲೇ ಸಾವು ಅಂದುಕೊಳ್ಳುತ್ತಿದ್ದೆ. ಸಾಯದೆ ಹೊರಗೆ ಬಂದು ಪಾತ್ರೆ ತಿಕ್ಕುತ್ತಿದ್ದೆ.

ಮದುವೆ ಎಲ್ಲೂ ಕೂಡಲಿಲ್ಲ. ಅಷ್ಟರಲ್ಲಿ ಜವಳಗೇರಾದ ಶಾಲೆಗೆ ಕೆಲಸದ ಆರ್ಡರ್ ಬಂತು. ದಿನಾ ಮಸ್ಕಿಯಿಂದ ಸಿಂಧನೂರು, ಅಲ್ಲಿ ಇಳಿದು ಇನ್ನೊಂದು ಬಸ್ಸು. ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಶಾಲೆಯಲ್ಲೇ ಕುಸಿದೆ. ಹಿರಿಯ ಟೀಚರೊಬ್ಬರು ಅಣ್ಣನಿಗೆ ಹೇಳಿಕಳಿಸಿದರು. ನೌಕರಿ ಹೋದೀತೆಂಬ ಫಿಕರ್‌ಗೆ ಅಣ್ಣ ಅಂತೂ ನನ್ನನ್ನು ಲಿಂಗಸುಗೂರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದ.

ಡಾಕ್ಟರಮ್ಮ ನನ್ನ ಎದೆಗೆ ಮಶೀನಿನ ವೈರು ಹಚ್ಚುವಾಗ ಬರೆಯ ಗುರುತು ನೋಡಿದರು. ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಇ.ಸಿ.ಜಿ. ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಅಣ್ಣನನ್ನು ಹೊರಗೆ ಕೂಡಿಸಿ, ನೋವು ಯಾವಾಗ, ಎಲ್ಲಿ, ಏನು ನೆನಪಾದಾಗ ಬರುತ್ತದೆ ಎಂದೆಲ್ಲ ಕೇಳಿದರು. ಬೆಂಚು, ನೀರಿನ ಗ್ಲಾಸು, ನಕ್ಕವರು, ಅಣ್ಣನ ಮಾತು, ಎಲ್ಲವನ್ನೂ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನಿನ್ನ ಹೃದಯ ಗಟ್ಟಿ ಐತಿ" ಅಂದರು. "ಆದ್ರ ನೋವು ಸುಳ್ಳಲ್ಲ. ಹಾವು ಕಂಡ್ರ ಎದಿ ಬಡಕೋತೈತಿ, ಉಸಿರು ಜೋರಾಗ್ತೈತಿ, ಹೌದಿಲ್ಲೋ? ನಿನ್ನ ಮೈ ಹಾವು ಇಲ್ಲದಾಗೂ ಹಂಗ ಮಾಡಾಕತ್ತೈತಿ. ಉಸಿರು ಜೋರಾದಷ್ಟು ಎದಿಯ ಮಾಂಸಖಂಡ ಬಿಗಿತಾವ, ಬೆರಳು ಜುಮ್ಮಂತಾವ. ಅದನ್ನ ನೋಡಿ ನೀ ಮತ್ತ ಅಂಜ್ತಿ. ಅಂಜಿದಷ್ಟೂ ನೋವು."

"ಸಾಯಂಗಿಲ್ಲೇನ್ರಿ?"

"ಇದರಿಂದ ಸಾಯಂಗಿಲ್ಲ. ಬ್ಯಾರೆ ಥರದ ನೋವು ಬಂತಂದ್ರ, ನಡದಾಗ, ಭಾರ ಎತ್ತಿದಾಗ ಬಂತಂದ್ರ, ಕುಂದ್ರಬ್ಯಾಡ, ಸೀದಾ ಬಾ."

ಬಿಸಿ ಗಂಜಿ ಊದುವ ಹಾಗೆ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಲು ಕಲಿಸಿದರು. ನೋವು ಬಂದಾಗ ಓಡಬೇಡ, ಬಚ್ಚಲಲ್ಲಿ ಅಡಗಬೇಡ, ಪಾದ ನೆಲಕ್ಕೆ ಊರಿ ಕೂಡು, ಅದು ಏರುತ್ತದೆ, ಇಳಿಯುತ್ತದೆ ಎಂದರು. ಕೆಲವು ತಿಂಗಳಿಗೆ ಗುಳಿಗೆಯನ್ನೂ ಕೊಟ್ಟರು. ಆಮೇಲೆ ಅಣ್ಣನನ್ನು ಒಳಗೆ ಕರೆದು, "ಹೃದಯಕ್ಕ ಏನಾಗಿಲ್ಲ. ಆ ಹಳೇ ಮಾತು ಆಡೋದು ಬಿಡ್ರಿ" ಅಂದರು. ಅಣ್ಣ ಕೈಮುಗಿದ.

ವಾಪಸು ಬಸ್ಸು ಮಸ್ಕಿ ಹತ್ತಿರ ಬಂದಿತ್ತು. ಅಣ್ಣ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಅಂದ: "ಏನೂ ಇಲ್ಲಂತ. ಇಷ್ಟು ವರ್ಷ ನಮ್ಮ ಮುಂದ ನಾಟಕ ಮಾಡಿದಿ ಹೌದಿಲ್ಲೋ? ಅಪ್ಪ ಖರೇನ ಸತ್ತ. ನಿನ್ನದು ಬರೇ ಸೋಗು."

ಎದೆ ಹಿಡಿದುಕೊಂಡಿತು. ಪಾದ ಊರಿದೆ. ಗಂಜಿ ಊದಿದೆ. ಅಣ್ಣ ನೋಡಿ, "ಮತ್ತ ಶುರುವಾತು" ಅಂದ. ನೋವು ಏರಿ, ಅಲ್ಲೇ ನಿಂತು, ಬಸ್ಸು ಮಸ್ಕಿ ಮುಟ್ಟುವುದರೊಳಗೆ ಇಳಿಯಿತು. ಸಾಯುತ್ತೇನೆ ಅನ್ನಿಸದೆ ಇಳಿದದ್ದು ಅದೇ ಮೊದಲ ಸಲ.

ಮರುವಾರ ಸಿಂಧನೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಹೊರಡುವಾಗ ಅಣ್ಣನಿಗೆ, "ಅಪ್ಪ ಸಾಯುವಾಗ ನೀ ಎಲ್ಲಿದ್ದಿ?" ಅಂತ ಕೇಳಿದೆ. ಅವನು ಮಸ್ಕಿಯಲ್ಲಿ ಇಸ್ಪೀಟು ಆಡುತ್ತ ಕೂತಿದ್ದ; ಅದು ಮನೆಮಂದಿಗೆಲ್ಲ ಗೊತ್ತಿತ್ತು, ಯಾರೂ ಅದನ್ನು ಬಾಯಿಗೆ ತಂದಿರಲಿಲ್ಲ. ಅವನ ಮುಖ ಕಪ್ಪಿಟ್ಟಿತು. ನಾನು ಚೀಲ ಎತ್ತಿಕೊಂಡು ಹೊರಬಿದ್ದೆ. ಆ ಮಾತಿನಿಂದ ನನಗೆ ಖುಷಿಯಾಯಿತು, ಈಗಲೂ ಸುಳ್ಳು ಹೇಳಲಾರೆ.

ಒಮ್ಮೆ ಅವ್ವ ಅಣ್ಣನಿಗೆ ಗೊತ್ತಾಗದ ಹಾಗೆ ನನ್ನನ್ನು ನೋಡಲು ಬಂದಳು. ಉಂಡು, ನನ್ನ ಎದೆಯತ್ತ ನೋಡುತ್ತ, "ಬರಿ ಹಾಕ್ಸಿದ್ದಕ್ಕ ಇಷ್ಟರ ಆರಾಮ ಆಗೀದಿ" ಅಂದಳು. ಅವಳಿಗೆ ಹಾಗೆ ನಂಬಿಕೊಳ್ಳದೆ ಬೇರೆ ದಾರಿ ಇರಲಿಲ್ಲವೇನೋ. ಅದು ಈಗ ಅನ್ನಿಸುವುದು. ಆಗ ನಾನು ತಾಟು ಎತ್ತಿಕೊಂಡು ತೊಳೆಯಲು ಹೊರಗೆ ಹೋದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನೋವು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುತ್ತಿತ್ತು. ಒಂದು ಸಲ ತರಗತಿಯಲ್ಲೇ ಬಂತು. ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ ಕುರ್ಚಿಯ ಮೇಲೆ ಕೂತೆ. ಕಿಟಕಿಯ ಆಚೆ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಅವರನ್ನೇ ನೋಡುತ್ತ ಉಸಿರು ಬಿಟ್ಟೆ. ಮಕ್ಕಳು ಒಂಬತ್ತರ ಮಗ್ಗಿಯಲ್ಲಿ ತಪ್ಪಿದರು. ಎದ್ದು ಹೋಗಿ ತಿದ್ದಿದೆ.