ಗೆಳತಿಯ ತಾಯಿಯನ್ನು ಸುಟ್ಟರು

ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಹೇಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತಾಂಜಾನಿಯಾದ ಹಾಯಾ ಜನಾಂಗದ ಅಣ್ಣ-ತಂಗಿ ಬಾಡಿಗೆಗಿದ್ದರು. ತಂಗಿ ನಾನು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ ನರ್ಸು, ನನ್ನ ಗೆಳತಿ. ಮಕ್ಕಳನ್ನು ನೋಡಲು ಬಂದಿದ್ದ ಅವರ ತಾಯಿ ಮೂರನೇ ತಿಂಗಳಿಗೆ ಎದೆನೋವಿನಿಂದ ತೀರಿಕೊಂಡರು.

ಮುದುಕಿಯ ಆಸೆ ನನಗೂ ಗೊತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಕೂತು ಮಗಳ ಬಾಯಿಂದ ಹೇಳಿಸಿದ್ದರು. ಅವರ ಕಡೆ ಸತ್ತವರನ್ನು ಮನೆಯ ಬಾಳೆತೋಟದಲ್ಲೇ ಹೂಳುತ್ತಾರೆ. ಗಂಡ, ಅತ್ತೆ, ಮಾವ ಎಲ್ಲ ಅಲ್ಲೇ ಇದ್ದಾರೆ. ಬಾಳೆಹಣ್ಣಿನ ಹೆಂಡ ಮಾಡಿದಾಗ ಮೊದಲ ಗುಟುಕು ಅವರಿಗೆ. "ನನ್ನ ಜಾಗ ಗಂಡನ ಪಕ್ಕ" ಎಂದಿದ್ದರು.

ಮಗ ಹೊಸದಾಗಿ ಒಂದು ಚರ್ಚಿಗೆ ಸೇರಿದ್ದ. ಹಿರಿಯರಿಗೆ ಎರೆಯುವುದು ಸೈತಾನನ ಕೆಲಸ ಎನ್ನುತ್ತಿದ್ದ. ಹೆಣ ಸಾಗಿಸುವ ಕಾಗದಪತ್ರಕ್ಕೆ ಅಲೆಯುವ ಮನಸ್ಸೂ ಇರಲಿಲ್ಲ. ಸಮಾಧಾನ ಹೇಳಲು ಹೋದ ನನ್ನ ಗಂಡ, ಧಾರವಾಡದವರು, ನಮ್ಮ ಆಸ್ಪತ್ರೆಯಲ್ಲೇ ಡಾಕ್ಟರು, "ಸುಟ್ಟುಬಿಡಿ. ನಾವೆಲ್ಲ ಹಾಗೇ ಮಾಡ್ತೀವಿ. ಬೂದಿ ಒಯ್ಯೋದು ಸುಲಭ" ಎಂದರು. ಅವನಿಗೆ ಅಷ್ಟೇ ಬೇಕಿತ್ತು. ನಾನೂ ಅಲ್ಲೇ ಚಹಾದ ಕಪ್ಪು ಹಿಡಿದು ನಿಂತಿದ್ದೆ. ಕಪ್ಪು ತೊಳೆಯಲು ಒಳಗೆ ಹೋದೆ.

"ಅಮ್ಮನೇನು ಕಸವೇ, ಬೆಂಕಿಗೆ ಹಾಕೋಕೆ?" ಎಂದು ತಂಗಿ ಕಿರುಚಿದಳು. ಅಣ್ಣ ಕೇಳಲಿಲ್ಲ. ಹಿರಿಯ ಮಗ, ಸಹಿ ಅವನದೇ. ಊರಲ್ಲಾದರೆ ನೆರೆಯವರು ದಿನಗಟ್ಟಲೆ ಸತ್ತವರ ಮನೆಯಲ್ಲೇ ಹುಲ್ಲುಹಾಸಿನ ಮೇಲೆ ಮಲಗುತ್ತಿದ್ದರಂತೆ, ಯಾರೂ ಹೊಲ-ತೋಟದ ಕೆಲಸಕ್ಕೆ ಗುದ್ದಲಿ ಮುಟ್ಟುತ್ತಿರಲಿಲ್ಲವಂತೆ. ಇಲ್ಲಿ ಚಿತಾಗಾರದಲ್ಲಿ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಬಾಗಿಲಲ್ಲಿ ಮುಂದಿನ ಹೆಣದವರು ಕಾಯುತ್ತಿದ್ದರು.

ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದೆ.

"ನಿಮಗ ಯಾರು ಕೇಳಿದ್ರು? ನಿಮ್ಮ ಅವ್ವನ್ನ ಹುಗೀರಿ ಅಂತ ಅವ್ರು ಅಂದಿದ್ರ ಸುಮ್ನಿರ್ತಿದ್ರೇನು?"

"ನಾ ಒಳ್ಳೇದಕ್ಕ ಹೇಳಿದೆ."

"ಯಾರ ಒಳ್ಳೇದಕ್ಕ?"

ಅವರು ಟಿವಿ ಹಚ್ಚಿದರು. ನಾನು ಪ್ಲಗ್ ಕಿತ್ತೆ.

ತಂಗಿ ಒಬ್ಬಳೇ ಬೂದಿಯ ಪೆಟ್ಟಿಗೆ ಹಿಡಿದು ಬುಕೋಬಾ ಕಡೆಯ ತನ್ನ ಊರಿಗೆ ಹೋದಳು. ಅಲ್ಲಿ ಸೋದರಮಾವ ಪೆಟ್ಟಿಗೆ ತೆರೆದು ನೋಡಿ, "ಇದರಲ್ಲಿ ನನ್ನ ಅಕ್ಕ ಎಲ್ಲಿ?" ಎಂದನಂತೆ. ಕೊನೆಗೆ ಗಂಡಸರು ಅಪ್ಪನ ಸಮಾಧಿಯ ಪಕ್ಕ ಆಳುದ್ದದ ಗುಂಡಿಯನ್ನೇ ತೋಡಿದರಂತೆ, ಆ ಪುಟ್ಟ ಪೆಟ್ಟಿಗೆಗೆ.

ವಾಪಸು ಬಂದ ಮೇಲೆ ಅವಳು ಅಣ್ಣನ ಜೊತೆ ಮಾತು ಬಿಟ್ಟಳು, ಅಕ್ಸ್‌ಬ್ರಿಡ್ಜ್‌ಗೆ ಮನೆ ಬದಲಿಸಿದಳು. ಎಷ್ಟೋ ವರ್ಷಗಳ ನಂತರ ಆಸ್ಪತ್ರೆಯ ಲಿಫ್ಟಿನಲ್ಲಿ ನನ್ನ ಗಂಡನನ್ನು ಕಂಡು ಹೊರಗೆ ಇಳಿದುಬಿಟ್ಟಳಂತೆ.

"ಅಕಿಗೆ ಇನ್ನೂ ಸಿಟ್ಟು ಅದ ನೋಡು," ಎಂದರು ಅವರು, ಆಶ್ಚರ್ಯದಿಂದ.

"ನನಗೂ ಅದ," ಅಂದೆ.