ಒಲೆಯಲ್ಲಿ ಕೆಡದ ಗಿಡ್ಡ ತಂತಿಗಳು

ಕೂದಲೆಳೆಗಿಂತ ಎಷ್ಟೋ ಪಟ್ಟು ಸಪೂರವಾದ ಲೋಹದ ತಂತಿಯೊಳಗೆ ವಿದ್ಯುತ್ತು ನಡೆಸುವ ನೂಕುನುಗ್ಗಲನ್ನು ಜೀವಮಾನವಿಡೀ ಕಣ್ಣಿಟ್ಟು ನೋಡಿದವರು, ಶಿಷ್ಯರೆಲ್ಲರ ಪಾಲಿನ ‘ತಂತಿಯಕ್ಕ’, ಈ ತಿಂಗಳು ಪ್ರಯೋಗಾಲಯದ ಬೀಗದಕೈಯನ್ನು ಕಿರಿಯರಿಗೆ ಒಪ್ಪಿಸುತ್ತಿದ್ದಾರೆ. ಚಿಪ್‌ನ ತಂತಿ ಕೆಡುವುದು ಬರೀ ಕಾವಿಗೆ ಕರಗಿಯಲ್ಲ. ಎಲೆಕ್ಟ್ರಾನುಗಳ ಹೊಳೆ ಲೋಹದ ಪರಮಾಣುಗಳನ್ನು ತಳ್ಳಿಕೊಂಡು ಹೋಗಿ, ಒಂದು ತುದಿಯಲ್ಲಿ ಗುಳಿ ತೋಡಿ ಇನ್ನೊಂದು ತುದಿಯಲ್ಲಿ ದಿಬ್ಬ ಒಟ್ಟುತ್ತದೆ, ಗುಳಿ ಬೆಳೆದು ತಂತಿ ತುಂಡಾಗುತ್ತದೆ. ಇದನ್ನು ಅವರಷ್ಟು ಸಂಭ್ರಮದಿಂದ ಹೇಳಿಕೊಟ್ಟವರು ವಿರಳ.

ಅಕ್ಕನವರು ಸೇವೆಗೆ ಸೇರಿದ ಹೊಸತು. ಕಿವಿಯೊಳಗೆ ಕೂರುವ ಶ್ರವಣಯಂತ್ರ ಮಾಡುವ ಸಣ್ಣ ಕಂಪನಿಯೊಂದು ಅವರ ಬಳಿಗೆ ಬಂತು. ಅದರ ಚಿಪ್ ಕೆಲವೇ ತಿಂಗಳಲ್ಲಿ ಮೂಕವಾಗುತ್ತಿತ್ತು. ಈ ಸಲವೂ ತಂತಿ ತಾಳದಿದ್ದರೆ ಯಂತ್ರವನ್ನೇ ಕೈಬಿಡುವವರಿದ್ದರು. ಹಾಗೆ ಮೂಕವಾದ ಯಂತ್ರವೊಂದು ಅಕ್ಕನವರ ತಂದೆಯ ಕಿವಿಯಲ್ಲೇ ಇತ್ತು. ಮಕ್ಕಳಿಗೆಲ್ಲ ಪದ್ಯ ಹೇಳಿಕೊಟ್ಟ ಆ ಹಿರಿಯರು ತಮ್ಮ ದನಿ ತಮಗೇ ಕೇಳದೆ ಓದು ನಿಲ್ಲಿಸಿದ್ದರು.

ತಂತಿಗಳನ್ನು ಕಾದ ಒಲೆಯಲ್ಲಿಟ್ಟು, ಮಿತಿಮೀರಿ ವಿದ್ಯುತ್ತು ಹರಿಸಿ, ವರ್ಷಗಳ ಸವೆತವನ್ನು ವಾರದೊಳಗೆ ಕಾಣುವುದು ಪ್ರಯೋಗಾಲಯದ ಪದ್ಧತಿ. ಕೆಡದೆ ಉಳಿದ ತಂತಿಗೆ ವಿದ್ಯುತ್ತು ಹರಿಸುವ ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲವೆಂದು ಬಗೆದು ಎಸೆಯಬೇಕೆಂಬ ನಿಯಮ ಅಕ್ಕನವರದೇ. ಕಂಪನಿಯ ಚಿಪ್‌ಗಾಗಿ ಒಲೆ ಹೊತ್ತಿಸಿದಾಗಲೂ ಉದ್ದದ ತಂತಿಗಳೆಲ್ಲ ತುಂಡಾಗಿದ್ದವು.

“ಯಾಕಣ್ಣ, ಕಸದ ಡಬ್ಬಿಲಿ ಬರೀ ಗಿಡ್ಡವೇ ಇವೆ?” ಎಂದು ಅಕ್ಕನವರು ಒಲೆ ನೋಡಿಕೊಳ್ಳುವವರನ್ನು ಕೇಳಿದರು.

“ಸಾಯದೆ ಇದ್ರೆ ಎಸೀರಿ ಅಂದೋರು ನೀವೇ ಅಲ್ವಾ ಮೇಡಮ್?”

“ಕ್ಲಿಪ್ಪಿಗೆ ಗಿಡ್ಡವರ ಮೇಲೇ ಏನಪ್ಪಾ ಅಷ್ಟು ಸಿಟ್ಟು? ತನ್ನಿ ಇಲ್ಲಿ, ಇನ್ನೊಂದ್ಸಲ ಇಡೋಣ.”

ಮತ್ತೆ ಒಲೆಗಿಟ್ಟು ಅಳೆದರೆ, ವಿದ್ಯುತ್ತು ಧಾರಾಳವಾಗಿ ಹರಿಯುತ್ತಿದೆ, ತಂತಿ ಜಪ್ಪಯ್ಯ ಎನ್ನುತ್ತಿಲ್ಲ! ಅಕ್ಕನವರು ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

“ತಪ್ಪು ನಂದೇ ಕಣ್ರೀ! ಎಂಥ ಚೆಂದದ ತಪ್ಪು! ತುದೀಲಿ ಒತ್ತಿಕೊಂಡ ಲೋಹ ತಿರುಗಿ ತಳ್ತಾ ಇದೆ, ನೋಡಿ!”

ಗಿಡ್ಡ ತಂತಿಯಲ್ಲಿ ಆ ಮರುತಳ್ಳು ಹೊಳೆಯ ಬಲಕ್ಕೆ ಸಮನಾಗಿ ನಿಲ್ಲುತ್ತದೆ. ಉದ್ದದ ತಂತಿಯನ್ನು ಗಿಡ್ಡ ತುಂಡುಗಳಾಗಿಸಿ, ನಡುನಡುವೆ ಸುಲಭಕ್ಕೆ ಕದಲದ ಬೇರೊಂದು ಲೋಹದ ಸೇತುವೆ ಕಟ್ಟಿಸಿದರು. ಹೊಸ ಚಿಪ್ ಒಲೆಯನ್ನು ಗೆದ್ದು ಬಂತು.

ತಂದೆಯ ಕಿವಿಗೆ ಹೊಸ ಯಂತ್ರವಿಟ್ಟು, ಉಬ್ಬಿದ ಎದೆಯಲ್ಲೇ ಅಕ್ಕನವರು ಒಂದು ಪದ್ಯ ಹೇಳಿದರು. ಹಿರಿಯರು ಕಣ್ಮುಚ್ಚಿ ಕೇಳಿ, “ಏನವಸರ ಮಗಳೇ? ಎರಡನೇ ಸಾಲು ಅರ್ಧ ನುಂಗಿಬಿಟ್ಟೆ. ಮೊದಲಿಂದ ಹೇಳು,” ಎಂದರು. ಅಕ್ಕನವರು ಮೊದಲಿನಿಂದ ಹೇಳಿದರು.

ಅಂದಿನಿಂದ ಆ ಕಸದ ಡಬ್ಬಿ ಅಕ್ಕನವರು ನೋಡದೆ ಖಾಲಿಯಾದದ್ದಿಲ್ಲ. ಭಗವಂತ ಅವರಿಗೆ ತುಂಬು ಆಯುಸ್ಸು ಕೊಡಲಿ. ಬೀಗದಕೈ ಯಾರಲ್ಲೇ ಇರಲಿ, ಡಬ್ಬಿ ಮಾತ್ರ ಅವರಿಗಾಗಿ ಕಾದಿರುತ್ತದೆ.