ಥ್ರಾಂಗಿಲ್ ಎಂದು ಕರೆದಾಗ

ಕಂಬರ್ಲೆಂಡಿನ ಬೆಟ್ಟದ ಮಗ್ಗುಲಲ್ಲಿ ಥ್ರಾಂಗಿಲ್ ಎಂಬ ಒಂಟಿ ಮನೆ. ಅಲ್ಲಿ ಕುರಿ ಸಾಕಿಕೊಂಡಿದ್ದವರ ಅಡ್ಡಹೆಸರೂ ಥ್ರಾಂಗಿಲ್. ಇಡೀ ಇಂಗ್ಲೆಂಡಿನಲ್ಲಿ ಆ ಹೆಸರು ಬೇರೆಲ್ಲೂ ಹುಟ್ಟಲಿಲ್ಲ. ಆ ಮನೆತನದ ಕೆಲವರು ಬ್ಯಾರೋದ ಹಡಗುಕಟ್ಟೆಗೆ ಹೋದರು, ಕೆಲವರು ಲ್ಯಾಂಕಾಷೈರಿನ ಹತ್ತಿ ಗಿರಣಿಗೆ, ಒಬ್ಬ ಕೆನಡಾಕ್ಕೆ. ಹೋದವರ ವಂಶ ಅಲ್ಲಲ್ಲೇ ಕರಗಿತು. ಮೊದಲ ಮಹಾಯುದ್ಧದಲ್ಲಿ ತಮ್ಮನೂ ಸತ್ತ ಮೇಲೆ ಮನೆಮಗಳು ಡೈನಾ ಒಬ್ಬಳೇ ಉಳಿದಳು.

ಪಕ್ಕದ ಕಣಿವೆಯ ಮೋಸೆಸ್ ಬರ್ಕೆಟ್ ಆಗ ಅವಳನ್ನು ಮದುವೆಗೆ ಕೇಳಿದ. ಮನಸ್ಸಿನ ತುಂಬ ಅವನೇ ಇದ್ದರೂ ಅವಳು ಒಲ್ಲೆ ಎಂದಳು. "ಬರ್ಕೆಟ್‌ಗಳು ಹಾದಿಗೊಬ್ಬರು ಬೀದಿಗೊಬ್ಬರು ಇದ್ದೀರಿ. ಮದುವೆಯಾಗಿ ನಾನೂ ಬರ್ಕೆಟ್ ಆಗೋದು ಬೇಡ, ನನ್ನ ಹೆಸರು ನಾನಿರೋವರೆಗಾದ್ರೂ ಇರ್ಲಿ." ಮಕ್ಕಳಿಲ್ಲದೆ ಹೆಸರು ಉಳಿಸುವುದೂ ಒಂದು ಉಳಿಸುವಿಕೆಯೇ? ಹಟಕ್ಕೆ ಬುದ್ಧಿ ಎಲ್ಲಿಂದ ಬರಬೇಕು!

ಮಂಜು ಇಳಿದ ದಿನ ಅವಳು ಕಲ್ಲುಗೋಡೆಯ ಮೇಲೆ ಕೂತುಬಿಡುತ್ತಿದ್ದಳು. ಅರೆಮುಚ್ಚಿದ ಕಣ್ಣಿಗೆ ಹಳೆಯ ಥ್ರಾಂಗಿಲ್‌ಗಳು ಬೆಟ್ಟ ಇಳಿದು ಬರುವುದು ಕಾಣುತ್ತಿತ್ತು. ಎಲ್ಲರಿಗೂ ಅಪ್ಪನದೇ ಮೂಗು, ಎಲ್ಲರೂ ಸದ್ದಿಲ್ಲದೆ ಅವಳನ್ನು ದಾಟಿ ಮನೆಯೊಳಗೆ ಹೋಗುತ್ತಿದ್ದರು. ಅವಳ ಹಿಂದೆ ಬರುವವರು ಮಾತ್ರ ಯಾರೂ ಇರುತ್ತಿರಲಿಲ್ಲ. ಆ ಬರಿದು ಅವಳನ್ನು ಹೆದರಿಸುತ್ತಿತ್ತು.

ಎರಡನೆಯ ಯುದ್ಧ ಮುಗಿದಾಗ, ಊರಿಗೆ ಮರಳಲಾಗದ ಪೋಲೆಂಡಿನ ಸೈನಿಕ ಝಿಗ್ಮುಂಟ್ ಅವಳ ಮನೆಗೆ ಆಳಾಗಿ ಬಂದು ಅಲ್ಲೇ ನಿಂತ. ಈಚೆಗೆ ಹಿಂಡೆಲ್ಲ ಅವನದೇ ಉಸ್ತುವಾರಿ.

ಪ್ರತಿ ನವೆಂಬರಿನಲ್ಲಿ ಕುರಿಗಾರರು ಹೆಂಡದಂಗಡಿಯ ಅಂಗಳದಲ್ಲಿ ಸೇರಿ, ದಾರಿ ತಪ್ಪಿ ಬಂದ ಕುರಿಗಳನ್ನು ಮೈಮೇಲಿನ ಬಣ್ಣದ ಗುರುತು ನೋಡಿ ಒಡೆಯರಿಗೆ ಒಪ್ಪಿಸುತ್ತಾರೆ. ಆ ಸಲ ಮೋಸೆಸ್ ಒಂದು ಕುರಿಯ ಕುತ್ತಿಗೆ ಹಿಡಿದು ಕೂಗಿದ. "ಏ ಥ್ರಾಂಗಿಲ್! ನಮ್ಮ ಹುಲ್ಲೆಲ್ಲ ಮೇಯ್ದು ಕೊಬ್ಬಿದೆ, ಎಳ್ಕೊಂಡು ಹೋಗೋ!"

ಡೈನಾ ಮುಂದೆ ಬಂದಳು. ಮೋಸೆಸ್ ನೋಡುತ್ತಿದ್ದುದು ಅವಳ ಹಿಂದಿದ್ದ ಝಿಗ್ಮುಂಟನನ್ನು. ಅವಳಿಗೆ ಮೈಯೆಲ್ಲ ಉರಿಯಿತು.

"ಅದು ನನ್ನ ಹೆಸರು ಮೋಸೆಸ್. ಅವನು ನಮ್ಮ ಆಳು."

"ನಾನು ಹೇಳ್ಕೊಂಡಿಲ್ಲ ಅಮ್ಮಾವ್ರೇ, ಇವರೇ ಹಾಗೆ ಕರೀತಾರೆ," ಎಂದ ಝಿಗ್ಮುಂಟ್, ತಲೆ ತಗ್ಗಿಸಿ.

"ಇರೋ ಮನೆ ಹೆಸರು ಹಿಡಿದು ಕರೆಯೋದು ನಮ್ಮ ಕಡೆ ಹೊಸದೇನೇ?" ಮೋಸೆಸ್ ನಕ್ಕ. "ನಿಮ್ಮ ಮೂಲಪುರುಷ ಏನು ಆಕಾಶದಿಂದ ಉದುರಿದ್ನಾ? ಅವನೂ ಎಲ್ಲಿಂದಲೋ ಬಂದು ಆ ಮನೇಲಿ ಕುರಿ ಕಾಯ್ದ. ಜನ ಥ್ರಾಂಗಿಲ್ ಅಂದ್ರು, ಅದೇ ನಿಂತ್ಕೊಳ್ತು."

ಡೈನಾ ಮೋಸೆಸ್‌ನ ಹತ್ತಿರಕ್ಕೆ ಸರಿದಳು. ಆಮೇಲೆ ಅವನಿಗಷ್ಟೇ ಕೇಳುವಂತೆ, "ಆವತ್ತು ನನ್ನ ಮದುವೆಯಾಗಿ ನೀನು ನಮ್ಮನೆಗೇ ಬಂದು ಇದ್ದಿದ್ರೆ?" ಎಂದಳು.

ಮೋಸೆಸ್‌ನ ನಗು ಆರಿತು. "ನಾನೂ ಥ್ರಾಂಗಿಲ್ಲೇ ಆಗ್ತಿದ್ದೆ. ನೀನು ಬಾ ಅನ್ಲೇ ಇಲ್ವಲ್ಲೇ."

"ಥ್ರಾಂಗಿಲ್, ಕುರಿ ಹಿಡ್ಕೊಳ್ಳೋ," ಎಂದು ಡೈನಾ ಝಿಗ್ಮುಂಟನಿಗೆ ಹೇಳಿ, ಮೋಸೆಸ್‌ನ ಮುಖ ನೋಡಲಾರದೆ ಅಂಗಳದ ಗೋಡೆಯ ಕಡೆ ತಿರುಗಿ ಅತ್ತಳು.